ಚರ್ಚಿಗೆ ಹೋಗದ ಬ್ರಿಟನ್‌ಗೆ ಚರ್ಚು ಇನ್ನೂ ಯಾಕೆ ಬೇಕು?

ಬೆಂಗಳೂರಿನಿಂದ ಲಂಡನ್‌ಗೆ ಕೆಲಸಕ್ಕೆ ಹೋದವರಿಗೆ ಮೊದಲ ಭಾನುವಾರವೇ ಒಂದು ಆಶ್ಚರ್ಯ ಕಾದಿರುತ್ತದೆ. ವಾರದ ಸಾಮಾನು ತರೋಣ ಅಂತ ಸಂಜೆ ಆರರ ಮೇಲೆ ದೊಡ್ಡ ಸೂಪರ್‌ಮಾರ್ಕೆಟ್‌ಗೆ ಹೋದರೆ ಬಾಗಿಲು ಹಾಕಿರುತ್ತದೆ. ಹಿಂದಿನ ದಿನ ರಾತ್ರಿಯವರೆಗೂ ತೆರೆದಿದ್ದ ಅಂಗಡಿ ಅದು. ಅಲ್ಲಿನವರನ್ನು ಕೇಳಿದರೆ ‘ಸಂಡೇ ಅಲ್ವಾ’ ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ವಿವರಣೆ ಸಿಗುವುದು ಕಷ್ಟ.

ಕಾರಣ 1994ರ ಸಂಡೇ ಟ್ರೇಡಿಂಗ್ ಕಾಯ್ದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಭಾನುವಾರ ಬೆಳಗ್ಗೆ 10ರಿಂದ ಸಂಜೆ 6ರ ಒಳಗೆ, ಒಟ್ಟು ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಈಸ್ಟರ್ ಭಾನುವಾರ ಮತ್ತು ಕ್ರಿಸ್‌ಮಸ್ ದಿನ ತೆರೆಯುವ ಹಾಗೇ ಇಲ್ಲ. ಈ ಕಾಯ್ದೆ ಬರುವ ಮುಂಚೆ ಕಟ್ಟುಪಾಡು ಇನ್ನೂ ಬಿಗಿಯಾಗಿತ್ತು. 1986ರಲ್ಲಿ ಅದನ್ನು ಸಡಿಲಿಸಲು ಹೊರಟ ಮಾರ್ಗರೆಟ್ ಥ್ಯಾಚರ್ ಅವರಿಗೆ ಸ್ವಂತ ಪಕ್ಷದ ಸಂಸದರೇ ಕೈಕೊಟ್ಟರು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು 2016ರ ಕಥೆ. ಭಾನುವಾರದ ಸಮಯ ಹೆಚ್ಚಿಸಲು ಡೇವಿಡ್ ಕ್ಯಾಮರನ್ ಸರ್ಕಾರ ಮತ್ತೆ ಪ್ರಯತ್ನಿಸಿತು. ಹೌಸ್ ಆಫ್ ಕಾಮನ್ಸ್‌ನಲ್ಲಿ 317–286 ಮತಗಳಿಂದ ಸೋತಿತು. ಅಷ್ಟು ಹೊತ್ತಿಗೆ ದೇಶದಲ್ಲಿ ಭಾನುವಾರ ಚರ್ಚಿಗೆ ಹೋಗುವವರು ಬೆರಳೆಣಿಕೆಯ ಶೇಕಡಾ ಅಷ್ಟೇ. ಹಾಗಾದರೆ ಈ ಕಾನೂನನ್ನು ಉಳಿಸಿದವರು ಯಾರು? ಅಂಗಡಿ ನೌಕರರ ಸಂಘ, ಸಣ್ಣ ವ್ಯಾಪಾರಿಗಳು, ಲೇಬರ್ ಪಕ್ಷ, ಸ್ಕಾಟ್ಲೆಂಡಿನ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ), ಜೊತೆಗೆ ಒಂದಿಷ್ಟು ಕನ್ಸರ್ವೇಟಿವ್ ಬಂಡಾಯಗಾರರು. ದೇವರ ಹೆಸರು ಅಲ್ಲಲ್ಲಿ ಬಂತು. ಗೆದ್ದದ್ದು ಮಾತ್ರ ‘ನೌಕರರೂ ಹೆಂಡತಿ ಮಕ್ಕಳ ಜೊತೆ ಒಂದು ದಿನ ಇರಲಿ ಬಿಡಿ’ ಎಂಬ ವಾದ. ತಮಾಷೆ ಅಂದರೆ, ಮತ ಹಾಕಿದ ಎಸ್‌ಎನ್‌ಪಿಯ ಸ್ಕಾಟ್ಲೆಂಡಿನಲ್ಲಿ ಇಂಥ ಕಾನೂನೇ ಇಲ್ಲ. ಅಲ್ಲಿ ಭಾನುವಾರವನ್ನು ಕಾಪಾಡಿದ್ದು ಬರೀ ಊರಿನ ಕಟ್ಟುಪಾಡು. ಲೂಯಿಸ್ ದ್ವೀಪದ ಸ್ಟೋರ್ನೊವೇ ಪಟ್ಟಣದಲ್ಲಿ ಟೆಸ್ಕೊ ಭಾನುವಾರ ಬಾಗಿಲು ತೆರೆದದ್ದು 2024ರ ನವೆಂಬರ್‌ನಲ್ಲಿ. ಅದಕ್ಕೂ ಊರಲ್ಲಿ ವಿರೋಧ ಎದ್ದಿತ್ತು.

ಬ್ರಿಟನ್‌ನಲ್ಲಿ ಕ್ರೈಸ್ತ ಧರ್ಮ ಇವತ್ತು ಹೆಚ್ಚಾಗಿ ಹೀಗೇ ಬದುಕಿದೆ. ನಂಬುವವರು ಕಡಿಮೆಯಾದರು, ನಂಬಿಕೆ ಕಟ್ಟಿದ ಏರ್ಪಾಡುಗಳು ನಿಂತಿವೆ. ಅವುಗಳನ್ನು ಬೇರೆ ಬೇರೆ ಜನ ಬೇರೆ ಬೇರೆ ಕಾರಣಕ್ಕೆ ಬಳಸುತ್ತಿದ್ದಾರೆ. ‘ಕ್ರೈಸ್ತ ಧರ್ಮಕ್ಕೆ ಇನ್ನೂ ಬೆಲೆ ಇದೆಯೇ’ ಎಂದು ಕೇಳಿದರೆ ‘ಇದೆ’ ಅನ್ನುವುದು ಸುಲಭ. ಈ ಏರ್ಪಾಡುಗಳ ಭಾರ ಹೊತ್ತವರು ಯಾರು, ಇನ್ನೆಷ್ಟು ದಿನ ಹೊರುತ್ತಾರೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಲೆಕ್ಕದ ಪುಸ್ತಕ

ಅಂಕಿಅಂಶ ಬೇಗ ನೋಡಿಬಿಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿಯಲ್ಲಿ ತಾವು ಕ್ರೈಸ್ತರು ಎಂದವರು ಶೇ. 71.7. 2011ರಲ್ಲಿ ಶೇ. 59.3. 2021ರಲ್ಲಿ ಶೇ. 46.2. ಅಂದರೆ ಮೊದಲ ಬಾರಿಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದೇ 2021ರಲ್ಲಿ ‘ಯಾವ ಧರ್ಮವೂ ಇಲ್ಲ’ ಎಂದವರು ಶೇ. 37.2. ಮುಸ್ಲಿಮರು ಶೇ. 6.5, ಹಿಂದೂಗಳು ಶೇ. 1.7. ಸ್ಕಾಟ್ಲೆಂಡಿನ 2022ರ ಎಣಿಕೆಯಲ್ಲಿ ಧರ್ಮವಿಲ್ಲ ಎಂದವರೇ ಶೇ. 51.1. ಉತ್ತರ ಐರ್ಲೆಂಡಿನ ಕಥೆ ಬೇರೆ. ಅಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಎಂಬುದು ಯಾವ ದೇಶಕ್ಕೆ ಸೇರಿದವರು ಎಂಬ ಜಗಳಕ್ಕೂ ಅಂಟಿಕೊಂಡಿದೆ. ಅದನ್ನು ಈ ಲೆಕ್ಕದಲ್ಲಿ ಸೇರಿಸಿದರೆ ಗೊಂದಲವೇ ಜಾಸ್ತಿ.

ಈ ಪಟ್ಟಿಯಲ್ಲಿ ಜನ ಅಷ್ಟಾಗಿ ನೋಡದ ಒಂದು ಅಂಕಿ ಇದೆ, ವಯಸ್ಸು. 2021ರ ಎಣಿಕೆಯಲ್ಲಿ ಕ್ರೈಸ್ತರ ನಡುವಯಸ್ಸು 51. ಧರ್ಮವಿಲ್ಲದವರದ್ದು 32. ಒಬ್ಬರೂ ಮತ ಬದಲಿಸದಿದ್ದರೂ ಮುಂದಿನ ಎಣಿಕೆಗಳಲ್ಲಿ ಏನಾಗುತ್ತದೆ ಎಂದು ಇದೊಂದರಿಂದಲೇ ಗೊತ್ತಾಗುತ್ತದೆ. ಬ್ರಿಟನ್‌ನಲ್ಲಿ ಧರ್ಮ ಕುಗ್ಗಿದ್ದು ನಂಬುತ್ತಿದ್ದವರು ಒಂದು ದಿನ ಎದ್ದು ಬಿಟ್ಟಿದ್ದರಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. 1960ರ ದಶಕದಿಂದ ಈಚೆಗೆ ಅಪ್ಪ ಅಮ್ಮಂದಿರು ಮಕ್ಕಳನ್ನು ಸಂಡೇ ಸ್ಕೂಲಿಗೆ ಕಳಿಸುವುದನ್ನು ನಿಲ್ಲಿಸಿದರು. ಆ ಮಕ್ಕಳಿಗೆ ಮಕ್ಕಳಾದವು. ಅವರಿಗೆ ಹೇಳಿಕೊಡಲು ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಜನಗಣತಿಯ ಫಾರಂನಲ್ಲಿ ಗುರುತು ಹಾಕುವುದು ಒಂದು, ಭಾನುವಾರ ಎದ್ದು ಹೋಗುವುದು ಇನ್ನೊಂದು. ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಾದ ಚರ್ಚ್ ಆಫ್ ಇಂಗ್ಲೆಂಡಿಗೆ ನಿಯಮಿತವಾಗಿ ಬರುವವರು ಈಗ ಸುಮಾರು 10 ಲಕ್ಷ. ಅದರ ಕೈಯಲ್ಲಿರುವ ಚರ್ಚ್ ಕಟ್ಟಡಗಳು ಸುಮಾರು 16,000. ಭಾಗಿಸಿ ನೋಡಿದರೆ ಒಂದು ಚರ್ಚಿಗೆ ಅರವತ್ತು ಚಿಲ್ಲರೆ ಜನ. ಹಳ್ಳಿಗಳ ಕಡೆ ಇನ್ನೂ ಎಷ್ಟೋ ಕಡಿಮೆ. ಅಲ್ಲಿ ಒಬ್ಬ ಪಾದ್ರಿಗೆ ಏಳೆಂಟು ಚರ್ಚುಗಳ ಜವಾಬ್ದಾರಿ ಇರುವುದು ಮಾಮೂಲು. ಕೊರೊನಾ ನಂತರ ಹಾಜರಿ ವರ್ಷವರ್ಷ ಸ್ವಲ್ಪ ಏರಿದೆ, ಆದರೆ 2019ರ ಮಟ್ಟವನ್ನು ಇನ್ನೂ ಮುಟ್ಟಿಲ್ಲ.

ಮಧ್ಯೆ ಒಂದು ಗದ್ದಲವೂ ಆಯಿತು. 2025ರ ಏಪ್ರಿಲ್‌ನಲ್ಲಿ ಬೈಬಲ್ ಸೊಸೈಟಿ ಒಂದು ವರದಿ ಹೊರತಂದಿತು. 18ರಿಂದ 24 ವರ್ಷದವರಲ್ಲಿ ತಿಂಗಳಿಗೊಮ್ಮೆಯಾದರೂ ಚರ್ಚಿಗೆ ಹೋಗುವವರು 2018ರಲ್ಲಿ ಶೇ. 4 ಇದ್ದದ್ದು 2024ರಲ್ಲಿ ಶೇ. 16 ಆಗಿದೆ ಎಂದು ಅದು ಹೇಳಿತು. ಪತ್ರಿಕೆಗಳು ‘ಸದ್ದಿಲ್ಲದ ಪುನರುಜ್ಜೀವನ’ ಅಂತ ಬರೆದದ್ದೇ ಬರೆದದ್ದು. ನಾಲ್ಕು ಪಟ್ಟು ಏರಿಕೆ ನಿಜವಾಗಿದ್ದರೆ ಚರ್ಚುಗಳ ಸ್ವಂತ ಹಾಜರಿ ಪುಸ್ತಕದಲ್ಲಿ ಅದು ಕಾಣಬೇಕಿತ್ತು. ಕಾಣಲಿಲ್ಲ. ಹಣ ಅಥವಾ ಅಂಕಗಳ ಆಸೆಗೆ ಆನ್‌ಲೈನ್‌ನಲ್ಲಿ ಉತ್ತರ ತುಂಬುವವರ ಗುಂಪಿನಿಂದ ಬಂದ ಅಂಕಿ ಅದು ಎಂದು ಜನಸಂಖ್ಯಾ ತಜ್ಞರು ಆಗಲೇ ಎಚ್ಚರಿಸಿದರು. ಕೆಲವು ನಗರಗಳ ಚರ್ಚುಗಳಲ್ಲಿ ಹುಡುಗರು ಹೊಸದಾಗಿ ಕಾಣಿಸಿಕೊಳ್ಳುತ್ತಿರುವುದು ನಿಜ. ಅದನ್ನು ದೇಶದ ಅಲೆ ಎನ್ನಲು ನಾನು ತಯಾರಿಲ್ಲ.

ರಾಜನ ಎಣ್ಣೆ, ಬಿಷಪ್‌ಗಳ ಕುರ್ಚಿ

ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಇದೆಯಲ್ಲ, 2015ರ ನವೆಂಬರ್‌ನಲ್ಲಿ ಅನಾವರಣವಾದದ್ದು. ಅಲ್ಲಿಗೆ ಹೋದ ಕನ್ನಡಿಗರು ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಲ್ಲೇ ನಿಂತು ನೋಡಿದರೆ ನದಿಯ ಆಚೆ ದಂಡೆಯಲ್ಲಿ ಪಾರ್ಲಿಮೆಂಟು. ಈಚೆ ದಂಡೆಯಲ್ಲೇ ಸ್ವಲ್ಪ ದೂರ ನಡೆದರೆ ಲ್ಯಾಂಬೆತ್ ಅರಮನೆ, ಈ ಚರ್ಚಿನ ಹಿರಿಯ ಧರ್ಮಗುರುವಾದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಲಂಡನ್ ನಿವಾಸ. ಆ ಅರಮನೆಯಿಂದ ಈ ಪಾರ್ಲಿಮೆಂಟಿಗೆ ದಾರಿ ಇನ್ನೂ ತೆರೆದೇ ಇದೆ. ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ 26 ಸ್ಥಾನ ಚರ್ಚ್ ಆಫ್ ಇಂಗ್ಲೆಂಡಿನ ಬಿಷಪ್‌ಗಳಿಗೆ ಮೀಸಲು. ಪ್ರತಿದಿನ ಕಲಾಪ ಶುರುವಾಗುವುದು ಪ್ರಾರ್ಥನೆಯಿಂದ. ಹುದ್ದೆಯ ಬಲದಿಂದಲೇ ಧರ್ಮಗುರುಗಳಿಗೆ ಶಾಸನಸಭೆಯಲ್ಲಿ ಜಾಗ ಕೊಡುವ ಇನ್ನೊಂದು ದೇಶ ಇರಾನ್ ಎಂದು ವಿರೋಧಿಗಳು ಆಗಾಗ ಕುಟುಕುತ್ತಾರೆ.

ಇದು ಇಂಗ್ಲೆಂಡಿನ ಚರ್ಚಿಗೆ ಮಾತ್ರ ಇರುವ ಸವಲತ್ತು. ಐರ್ಲೆಂಡಿನಲ್ಲಿ 1871ರಲ್ಲೇ, ವೇಲ್ಸ್‌ನಲ್ಲಿ 1920ರಲ್ಲಿ ಚರ್ಚು ಮತ್ತು ಸರ್ಕಾರದ ನಂಟು ಕಡಿದುಹೋಯಿತು. ವೇಲ್ಸ್‌ನಲ್ಲಿ ಆಕಾಶವೇನೂ ಕಳಚಿ ಬೀಳಲಿಲ್ಲ. ಆ ಚರ್ಚು ತನ್ನ ಪಾಡಿಗೆ ತಾನು ನಡೆದಿದೆ. 2025ರಲ್ಲಿ ಚೆರಿ ವ್ಯಾನ್ ಎಂಬ ಮಹಿಳೆಯನ್ನು ಆರ್ಚ್‌ಬಿಷಪ್ ಆಗಿ ಆರಿಸಿಕೊಂಡಿತು. ಅವರು ತಮ್ಮ ಸಂಗಾತಿಯೂ ಮಹಿಳೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡವರು.

ಹಾಗಾದರೆ ಇಂಗ್ಲೆಂಡಿನಲ್ಲಿ ಯಾಕೆ ಯಾರೂ ಮುಟ್ಟುವುದಿಲ್ಲ? ಮುಟ್ಟಿದರೆ ಎಳೆ ಎಲ್ಲಿಯವರೆಗೆ ಬಿಚ್ಚಿಕೊಳ್ಳುತ್ತದೋ ಎಂಬ ಭಯ ಅಂತ ಕಾಣುತ್ತದೆ. ರಾಜನೇ ಚರ್ಚಿನ ಸರ್ವೋಚ್ಚ ಮುಖ್ಯಸ್ಥ. ಚರ್ಚನ್ನು ತೆಗೆದರೆ ಪಟ್ಟಾಭಿಷೇಕ ಹೇಗೆ? ಪ್ರಮಾಣವಚನ ಯಾವುದು? ವಂಶಪಾರಂಪರ್ಯ ಲಾರ್ಡ್‌ಗಳನ್ನು ಹೊರಹಾಕುವ ಮಸೂದೆ ತಂದ ಲೇಬರ್ ಸರ್ಕಾರ ಕೂಡ ಬಿಷಪ್‌ಗಳ ತಂಟೆಗೆ ಹೋಗಲಿಲ್ಲ. ಅವರನ್ನೂ ಸೇರಿಸಿ ಎಂಬ ತಿದ್ದುಪಡಿ 2024ರ ನವೆಂಬರ್‌ನಲ್ಲಿ ಕಾಮನ್ಸ್‌ನಲ್ಲಿ ಬಿದ್ದುಹೋಯಿತು.

2023ರ ಮೇ 6ರಂದು ನಡೆದ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕವನ್ನೇ ನೋಡಿ. ಜೆರುಸಲೇಮ್‌ನಲ್ಲಿ ಪವಿತ್ರಗೊಳಿಸಿ ತಂದ ಎಣ್ಣೆಯನ್ನು ಆರ್ಚ್‌ಬಿಷಪ್ಪರು ಪರದೆಯ ಹಿಂದೆ ರಾಜನಿಗೆ ಹಚ್ಚಿದರು. ಟಿವಿಗೂ ಆ ಗಳಿಗೆ ತೋರಿಸುವ ಅನುಮತಿ ಇರಲಿಲ್ಲ. ಅದೇ ಸಮಾರಂಭದಲ್ಲಿ ಬೈಬಲ್ ಓದಿದ್ದು ಪ್ರಧಾನಿ ರಿಷಿ ಸುನಕ್. ಸಂಸದರಾಗಿ ಭಗವದ್ಗೀತೆಯ ಮೇಲೆ ಪ್ರಮಾಣ ಮಾಡಿದ ವ್ಯಕ್ತಿ. ರಾಜನಿಗೆ ಉಂಗುರ ತಂದುಕೊಟ್ಟದ್ದು ಹಿಂದೂ ಲಾರ್ಡ್, ಕೈಗವಸು ಕೊಟ್ಟದ್ದು ಸಿಖ್ ಲಾರ್ಡ್, ಕಡಗ ತಂದದ್ದು ಮುಸ್ಲಿಮ್ ಲಾರ್ಡ್. ಹೊರಗಿನಿಂದ ನೋಡುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಬ್ರಿಟನ್‌ನ ಯಹೂದಿ, ಹಿಂದೂ, ಮುಸ್ಲಿಮ್ ಮುಖಂಡರಲ್ಲಿ ಅನೇಕರು ಈ ಅಧಿಕೃತ ಚರ್ಚಿನ ಪರವೇ ಇದ್ದಾರೆ. ಅವರ ಲೆಕ್ಕಾಚಾರ ಸರಳ. ಒಂದು ಧರ್ಮಕ್ಕೆ ಸರ್ಕಾರದ ಅಂಗಳದಲ್ಲಿ ಜಾಗ ಇದ್ದರೆ ಉಳಿದವರೂ ಅದೇ ಬಾಗಿಲಿನಿಂದ ಒಳಗೆ ಬರಬಹುದು. ಪೂರ್ತಿ ಮುಚ್ಚಿದರೆ ಎಲ್ಲರಿಗೂ ಮುಚ್ಚಿತು. 2012ರಲ್ಲಿ ರಾಣಿ ಎಲಿಜಬೆತ್ ಇದೇ ಲ್ಯಾಂಬೆತ್ ಅರಮನೆಯಲ್ಲಿ ಮಾತಾಡುತ್ತಾ, ಎಲ್ಲ ಧರ್ಮದವರ ಆಚರಣೆಯ ಸ್ವಾತಂತ್ರ್ಯವನ್ನು ಕಾಯುವುದೂ ಈ ಚರ್ಚಿನ ಕರ್ತವ್ಯ ಎಂಬ ಅರ್ಥದ ಮಾತು ಹೇಳಿದ್ದರು.

ಬಿಷಪ್‌ಗಳ ಮತದಿಂದ ಕಾನೂನು ಬದಲಾಗುವುದು ಅಪರೂಪ. ಮಾತಿನ ಸದ್ದು ಮಾತ್ರ ದೊಡ್ಡದು. 1985ರಲ್ಲಿ ನಗರಗಳ ಬಡತನದ ಬಗ್ಗೆ ಚರ್ಚು ತಂದ ವರದಿ ಥ್ಯಾಚರ್ ಸರ್ಕಾರವನ್ನು ಕೆರಳಿಸಿತ್ತು. 2022ರಲ್ಲಿ ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಕಳಿಸುವ ಯೋಜನೆ ದೇಶಕ್ಕೆ ನಾಚಿಕೆಗೇಡು ಎಂದು ಲಾರ್ಡ್ಸ್‌ನ ಬಿಷಪ್‌ಗಳು ಒಟ್ಟಾಗಿ ಪತ್ರಿಕೆಗೆ ಬರೆದರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮೂರನೆಯ ಮಗುವಿನಿಂದ ಸರ್ಕಾರದ ಹೆಚ್ಚುವರಿ ನೆರವು ಸಿಗದು ಎಂಬ ನಿಯಮದ ವಿರುದ್ಧ ಡರ್ಹಮ್‌ನ ಬಿಷಪ್ಪರು ವರ್ಷಗಟ್ಟಲೆ ಮಾತಾಡಿದರು. 2025ರ ನವೆಂಬರ್ ಬಜೆಟ್‌ನಲ್ಲಿ ಸರ್ಕಾರ ಅದನ್ನು ತೆಗೆಯುವುದಾಗಿ ಹೇಳಿತು. ಬಿಷಪ್ಪರಿಂದಲೇ ಆಯಿತು ಅನ್ನಲಾಗದು. ಮಕ್ಕಳ ಬಡತನದ ಮೇಲೆ ಕೆಲಸ ಮಾಡುವ ಸಂಸ್ಥೆಗಳು, ಲೇಬರ್ ಸಂಸದರು ಎಲ್ಲರೂ ತಳ್ಳಿದ್ದರು. ಸಾಯುವ ಹಂತದಲ್ಲಿರುವ ರೋಗಿಗಳಿಗೆ ನೆರವಿನ ಸಾವಿಗೆ ಅವಕಾಶ ಕೊಡುವ ಮಸೂದೆಯ ಕಥೆಯೂ ಹಾಗೇ. 2025ರ ಜೂನ್‌ನಲ್ಲಿ ಅದು ಕಾಮನ್ಸ್‌ನಲ್ಲಿ 314–291ರಲ್ಲಿ ಪಾಸಾಗಿ ಲಾರ್ಡ್ಸ್‌ಗೆ ಬಂತು. ಬಿಷಪ್‌ಗಳು ವಿರೋಧಿಸಿದರು. ಆದರೆ ‘ಜೀವ ದೇವರು ಕೊಟ್ಟದ್ದು’ ಎಂದು ವಾದಿಸಲು ಹೋಗಲಿಲ್ಲ. ಅಂಗವಿಕಲರ ಮೇಲೆ, ವಯಸ್ಸಾದವರ ಮೇಲೆ ಒತ್ತಡ ಬರುತ್ತದೆ ಎಂಬುದನ್ನು ಮುಂದಿಟ್ಟರು. ಚರ್ಚಿನ ಭಾಷೆಯಲ್ಲೇ ಮಾತಾಡಿದರೆ ಕೇಳುವವರಿಲ್ಲ ಎಂಬುದು ಅವರಿಗೂ ಗೊತ್ತು.

ಶಾಲೆ ಸೀಟಿಗಾಗಿ ಒಂದಷ್ಟು ಭಕ್ತಿ

ಜನಸಾಮಾನ್ಯರಿಗೆ ಚರ್ಚು ನಿಜವಾಗಿ ಎದುರಾಗುವುದು ಲಾರ್ಡ್ಸ್‌ನಲ್ಲಲ್ಲ, ಶಾಲೆಯಲ್ಲಿ. ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮೂರರಲ್ಲಿ ಒಂದು ಯಾವುದಾದರೂ ಧರ್ಮಕ್ಕೆ ಸೇರಿದ್ದು. ಬಹುಪಾಲು ಕ್ರೈಸ್ತ ಶಾಲೆಗಳು. ಚರ್ಚ್ ಆಫ್ ಇಂಗ್ಲೆಂಡಿನ ಶಾಲೆಗಳಲ್ಲಿ ಓದುವ ಮಕ್ಕಳೇ ಸುಮಾರು 10 ಲಕ್ಷ. ಚರ್ಚಿಗೆ ನಿಯಮಿತವಾಗಿ ಬರುವ ಒಟ್ಟು ಜನರಷ್ಟೇ ಸಂಖ್ಯೆ ಇದು!

ಒಳ್ಳೆಯ ಹೆಸರಿರುವ ಚರ್ಚ್ ಶಾಲೆಗೆ ಅರ್ಜಿಗಳು ಜಾಸ್ತಿ ಬಂದರೆ, ಕೆಲವು ಕಡೆ ಭಾನುವಾರದ ಹಾಜರಿಗೆ ಪಾದ್ರಿಯ ಸಹಿ ತರಬೇಕು. ಖಾಸಗಿ ಶಾಲೆಯ ಫೀಸು ಕಟ್ಟುವುದಕ್ಕಿಂತ ಎರಡು ವರ್ಷ ಮಂಡಿಯೂರುವುದು ಅಗ್ಗ ಎಂದು ಅಲ್ಲಿನವರೇ ನಗುತ್ತಾರೆ. ಮಗುವಿಗೆ ನಾಲ್ಕು ವರ್ಷ ಆಗುವ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಭಕ್ತಿ ಬರುವ ತಂದೆತಾಯಿಗಳ ಬಗ್ಗೆ ಪ್ರತಿ ಪಾದ್ರಿಗೂ ಗೊತ್ತು. ಈ ಏರ್ಪಾಡಿನಿಂದ ಬಡವರ ಮಕ್ಕಳಿಗೆ ಸೀಟು ತಪ್ಪುತ್ತದೆ ಎಂಬ ದೂರು ಗಂಭೀರವಾದದ್ದು. ಫಾರಂ ತುಂಬುವುದು, ಕಾದು ಕುಳಿತು ಓಡಾಡುವುದು, ಎರಡು ವರ್ಷ ಮುಂಚೆ ಯೋಜನೆ ಹಾಕುವುದು ಇವೆಲ್ಲ ಓದಿದ ಮಧ್ಯಮ ವರ್ಗಕ್ಕೆ ಒಗ್ಗಿದ ಕಲೆ.

ಇನ್ನು 1944ರಿಂದ ಇರುವ ಒಂದು ಕಾನೂನಿನ ಪ್ರಕಾರ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ದಿನವೂ ಸಾಮೂಹಿಕ ಪ್ರಾರ್ಥನೆ ನಡೆಯಬೇಕು. ಅದರ ಸ್ವರೂಪ ಹೆಚ್ಚಾಗಿ ಕ್ರೈಸ್ತವಾಗಿರಬೇಕು ಎಂದು 1988ರಲ್ಲಿ ಸೇರಿಸಿದರು. ಬಹಳಷ್ಟು ಹೈಸ್ಕೂಲುಗಳು ಇದನ್ನು ಪಾಲಿಸುವುದೇ ಇಲ್ಲ. ಯಾರೂ ಕೇಳುವುದಿಲ್ಲ. ತೆಗೆದುಹಾಕುವ ಗೋಜಿಗೂ ಯಾರೂ ಹೋಗುವುದಿಲ್ಲ. ಬ್ರಿಟನ್ ಒಂದು ವಿಷಯವನ್ನು ಬಗೆಹರಿಸುವ ರೀತಿಯೇ ಇದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಅಕ್ಕಿ ಬೇಳೆ ಕೊಡುವವರು

ಇಷ್ಟು ಹೊತ್ತು ಹೇಳಿದ್ದು ಕಾನೂನು, ಸಂಪ್ರದಾಯ. ಇದೆಲ್ಲ ನಾಳೆ ಬಿದ್ದುಹೋದರೂ ಸಾಮಾನ್ಯ ಬ್ರಿಟಿಷರಿಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ವ್ಯತ್ಯಾಸ ಆಗುವುದು ಚರ್ಚಿನ ಪಕ್ಕದ ಹಾಲ್ ಮುಚ್ಚಿದರೆ.

ಆ ಹಾಲ್‌ನಲ್ಲಿ ಸೋಮವಾರ ಎಳೆ ಮಕ್ಕಳ ಗುಂಪು. ಬುಧವಾರ ಒಂಟಿಯಾಗಿರುವ ಮುದುಕರಿಗೆ ಊಟ. ಇನ್ನೊಂದು ದಿನ ಕುಡಿತ ಬಿಡುವವರ ಸಭೆ. ಶನಿವಾರ ಬಾಡಿಗೆಗೆ ಬರುವ ಭಾರತೀಯ ಸಂಘಗಳ ಹಬ್ಬ. ಮತ್ತೆ ವಾರಕ್ಕೊಂದೆರಡು ದಿನ ಫುಡ್ ಬ್ಯಾಂಕ್. ಬ್ರಿಟನ್‌ನ ಅತಿ ದೊಡ್ಡ ಫುಡ್ ಬ್ಯಾಂಕ್ ಜಾಲ ಟ್ರಸೆಲ್ ಶುರುವಾದದ್ದು ಸಾಲ್ಸ್‌ಬರಿ ಊರಿನ ಕ್ರೈಸ್ತ ದಂಪತಿಯಿಂದ. ಅವರ ಮೊದಲ ಫುಡ್ ಬ್ಯಾಂಕ್ 2000ದಲ್ಲಿ ತೆರೆಯಿತು. 2023–24ರಲ್ಲಿ ಆ ಜಾಲ ಹಂಚಿದ ತುರ್ತು ಆಹಾರದ ಪೊಟ್ಟಣಗಳು 31 ಲಕ್ಷ. ಸಾಲದಲ್ಲಿ ಮುಳುಗಿದವರಿಗೆ ಪುಕ್ಕಟೆ ಸಲಹೆ ಕೊಡುವ ಕ್ರಿಶ್ಚಿಯನ್ಸ್ ಅಗೇನ್ಸ್ಟ್ ಪಾವರ್ಟಿ ಸಂಸ್ಥೆ 1996ರಲ್ಲಿ ಬ್ರ್ಯಾಡ್‌ಫೋರ್ಡ್‌ನಲ್ಲಿ ಹುಟ್ಟಿತು. 2010ರ ನಂತರ ಸರ್ಕಾರ ಸ್ಥಳೀಯ ಸಂಸ್ಥೆಗಳ ಅನುದಾನ ಕಡಿದಾಗ ಗ್ರಂಥಾಲಯ, ಯುವಕರ ಕ್ಲಬ್ಬು, ಮಕ್ಕಳ ಕೇಂದ್ರ ಒಂದೊಂದೇ ಮುಚ್ಚಿದವು. ಎಷ್ಟೋ ಊರುಗಳಲ್ಲಿ ಚಳಿಗಾಲದಲ್ಲಿ ಪುಕ್ಕಟೆ ಒಳಗೆ ಕೂರಬಹುದಾದ ಜಾಗ ಅಂತ ಉಳಿದದ್ದು ಚರ್ಚಿನ ಹಾಲ್ ಒಂದೇ.

ಇಲ್ಲಿ ಬಡಿಸುವವರು ಯಾರು ಎಂದು ನೋಡಿ. ನಿವೃತ್ತರಾದ, ಎಪ್ಪತ್ತು ದಾಟಿದ, ಹೆಚ್ಚಾಗಿ ಹೆಂಗಸರು. ನಡುವಯಸ್ಸಿನ ಅಂಕಿಯನ್ನು ಮೇಲೆ ಹೇಳಿದ್ದು ಇದಕ್ಕೇ.

ಎಕ್ಸೆಟರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಗ್ರೇಸ್ ಡೇವಿ ಒಂದು ಮಾತು ಹೇಳಿದ್ದಾರೆ. ಯೂರೋಪಿನಲ್ಲಿ ಕೆಲವೇ ಜನ ಬಹಳ ಜನರ ಪರವಾಗಿ ಧರ್ಮ ನಡೆಸುತ್ತಾರೆ, ಆ ಬಹಳ ಜನಕ್ಕೆ ಅದು ಒಪ್ಪಿಗೆಯೂ ಇರುತ್ತದೆ ಎಂದು. ನಮಗೆ ಇದು ಕಷ್ಟದ ಮಾತೇನಲ್ಲ. ಊರ ದೇವಸ್ಥಾನಕ್ಕೆ ದುಡ್ಡು ಕಳಿಸಿ, ಹೆಸರು ನಕ್ಷತ್ರ ಬರೆಸಿ, ತಾವು ಬೆಂಗಳೂರಿನಲ್ಲೇ ಕೂತು ಅರ್ಚನೆ ಮಾಡಿಸುವವರು ನಮ್ಮಲ್ಲೂ ಇದ್ದಾರಲ್ಲ, ಹಾಗೆ. ಬ್ರಿಟಿಷರದ್ದು ಒಂದೇ ವ್ಯತ್ಯಾಸ. ಅವರು ದುಡ್ಡನ್ನೂ ಕಳಿಸುವುದಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಹಾಡುಗಳನ್ನು ರೇಡಿಯೊದಲ್ಲಿ ಕೇಳುತ್ತಾರೆ. ಬಿಬಿಸಿ ಅದನ್ನು 1928ರಿಂದ ಬಿತ್ತರಿಸುತ್ತಿದೆ. ರಾಣಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಆ್ಯಬಿ ಇರಬೇಕು. ಊರ ಮಧ್ಯದ ಗೋಪುರ ಬೀಳಬಾರದು. ಯಾರೋ ನಡೆಸಿಕೊಂಡು ಹೋಗಲಿ. ದೇವರಿಲ್ಲ ಎಂದು ಜೀವನವಿಡೀ ವಾದಿಸಿದ ರಿಚರ್ಡ್ ಡಾಕಿನ್ಸ್ ಕೂಡ 2024ರ ಈಸ್ಟರ್ ಹೊತ್ತಿಗೆ ರೇಡಿಯೊದಲ್ಲಿ ತಾವು ‘ಸಾಂಸ್ಕೃತಿಕ ಕ್ರೈಸ್ತ’ ಎಂದರು. ಹಾಡು, ಚರ್ಚು ಎಲ್ಲ ಇಷ್ಟ, ನಂಬಿಕೆ ಮಾತ್ರ ಬೇಡವಂತೆ. ಆ ಹಾಡು ಹಾಡುವ ಹುಡುಗರಿಗೆ ತರಬೇತಿ ಕೊಡುವವರು, ಆ ಚಾವಣಿಯ ಸೀಸದ ತಗಡು ಬದಲಿಸಲು ಚಂದಾ ಎತ್ತುವವರು ನಂಬುವವರೇ ಆಗಿರಬೇಕಾಗುತ್ತದೆ. ಬೇರೆ ಯಾರೂ ವರ್ಷದ 52 ವಾರ ಬರುವುದಿಲ್ಲ.

ಚರ್ಚಿನ ಬಳಿ ಹಣ ಇಲ್ಲವೇ ಅಂದರೆ, ಇದೆ. ಚರ್ಚಿನ ಆಸ್ತಿ ನೋಡಿಕೊಳ್ಳುವ ಚರ್ಚ್ ಕಮಿಷನರ್ಸ್ ನಿಧಿಯಲ್ಲಿ 1,000 ಕೋಟಿ ಪೌಂಡ್‌ಗೂ ಜಾಸ್ತಿ ಇದೆ. ಆದರೆ ಹಳ್ಳಿ ಚರ್ಚಿನ ಚಾವಣಿಯ ಖರ್ಚು ಆ ಹಳ್ಳಿಯ ಸದಸ್ಯರ ತಲೆ ಮೇಲೆಯೇ.

ನಂಬಿಕೆಗೆ ಪೆಟ್ಟು ಒಳಗಿನಿಂದ

ಚರ್ಚಿನ ಮಾತಿಗೆ ನೈತಿಕ ತೂಕ ಕಡಿಮೆಯಾದದ್ದಕ್ಕೆ ನಾಸ್ತಿಕರನ್ನು ದೂರಿ ಪ್ರಯೋಜನವಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ರಾಷ್ಟ್ರೀಯ ವಿಚಾರಣೆ 2020ರಲ್ಲಿ ಕೊಟ್ಟ ವರದಿ, ಚರ್ಚ್ ಆಫ್ ಇಂಗ್ಲೆಂಡ್ ಮಕ್ಕಳಿಗಿಂತ ತನ್ನ ಹೆಸರನ್ನು ಕಾಪಾಡಿಕೊಂಡಿತು ಎಂದಿತು. 2024ರ ನವೆಂಬರ್‌ನಲ್ಲಿ ಬಂದ ಮೇಕಿನ್ ವರದಿ ಇನ್ನೂ ಕಠೋರ. ಕ್ರೈಸ್ತ ಬೇಸಿಗೆ ಶಿಬಿರಗಳನ್ನು ನಡೆಸುತ್ತಿದ್ದ ಜಾನ್ ಸ್ಮೈತ್ ಎಂಬ ವಕೀಲ ನೂರಕ್ಕೂ ಹೆಚ್ಚು ಹುಡುಗರನ್ನು ದಶಕಗಳ ಕಾಲ ಹಿಂಸಿಸಿದ್ದ. ವಿಷಯ ಗೊತ್ತಾದ ಮೇಲೂ ಚರ್ಚು ಸರಿಯಾಗಿ ಪೊಲೀಸರವರೆಗೆ ಒಯ್ಯಲಿಲ್ಲ. ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಕೊಟ್ಟರು. ರಾಜನಿಗೆ ಕಿರೀಟ ಇಟ್ಟು ಒಂದೂವರೆ ವರ್ಷವಷ್ಟೇ ಆಗಿತ್ತು.

ಅವರ ಜಾಗಕ್ಕೆ 2025ರ ಅಕ್ಟೋಬರ್‌ನಲ್ಲಿ ಹೆಸರಿಸಿದ್ದು ಸಾರಾ ಮುಲಾಲಿ ಅವರನ್ನು. 106ನೇ ಆರ್ಚ್‌ಬಿಷಪ್, ಮೊದಲ ಮಹಿಳೆ. ಪಾದ್ರಿಯಾಗುವ ಮುಂಚೆ ಅವರು ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿಯಾಗಿದ್ದವರು. ಆಫ್ರಿಕಾದ ಹಲವು ಆಂಗ್ಲಿಕನ್ ಮುಖಂಡರು ಇದನ್ನು ಒಪ್ಪಲಿಲ್ಲ. ಲೋಕದ ಆಂಗ್ಲಿಕನ್ನರಲ್ಲಿ ಬಹುಪಾಲು ಈಗ ಆಫ್ರಿಕಾದವರು ಎಂಬುದನ್ನು ನೆನೆದರೆ ಅವರ ಮುನಿಸು ಸಣ್ಣದಲ್ಲ.

ಶಿಲುಬೆ ಹಿಡಿದವರು ಯಾರು, ಬೆಂಚು ತುಂಬಿದವರು ಯಾರು

2003ರಲ್ಲಿ ಟೋನಿ ಬ್ಲೇರ್ ಅವರಿಗೆ ಸಂದರ್ಶಕರೊಬ್ಬರು ಧರ್ಮದ ಪ್ರಶ್ನೆ ಕೇಳಿದಾಗ ಅವರ ಮಾಧ್ಯಮ ಮುಖ್ಯಸ್ಥ ಅಲಸ್ಟರ್ ಕ್ಯಾಂಪ್‌ಬೆಲ್ ಮಧ್ಯೆ ಬಾಯಿ ಹಾಕಿ, ದೇವರ ವಿಷಯ ನಮ್ಮಲ್ಲಿಲ್ಲ ಎಂದು ತಡೆದರು. ಬ್ಲೇರ್ ಕ್ಯಾಥೊಲಿಕ್ ಆದದ್ದು ಅಧಿಕಾರ ಬಿಟ್ಟ ಮೇಲೆ, 2007ರ ಡಿಸೆಂಬರ್‌ನಲ್ಲಿ. ಬ್ರಿಟಿಷ್ ರಾಜಕೀಯದಲ್ಲಿ ಹಿಂದೂ ಪ್ರಧಾನಿ, ಮುಸ್ಲಿಮ್ ಮೇಯರ್, ನಾಸ್ತಿಕ ಪ್ರಧಾನಿ ಎಲ್ಲರೂ ಆಗಿಹೋದರು, ದೊಡ್ಡ ಗಲಾಟೆ ಏನೂ ಆಗಲಿಲ್ಲ. ಬೈಬಲ್ಲನ್ನು ಅಕ್ಷರಶಃ ಗಂಭೀರವಾಗಿ ತೆಗೆದುಕೊಳ್ಳುವ ಕ್ರೈಸ್ತರಿಗೇ ಕಷ್ಟ. ಲಿಬರಲ್ ಡೆಮಾಕ್ರಾಟ್ ನಾಯಕ ಟಿಮ್ ಫ್ಯಾರನ್‌ಗೆ 2017ರ ಚುನಾವಣೆಯ ಉದ್ದಕ್ಕೂ ಸಲಿಂಗ ಸಂಬಂಧ ಪಾಪವೇ ಎಂಬ ಒಂದೇ ಪ್ರಶ್ನೆ. ಕೊನೆಗೆ ನಿಷ್ಠಾವಂತ ಕ್ರೈಸ್ತನಾಗಿಯೂ ಪಕ್ಷದ ನಾಯಕನಾಗಿಯೂ ಇರಲು ಆಗುತ್ತಿಲ್ಲ ಎಂದು ರಾಜೀನಾಮೆ ಕೊಟ್ಟರು. 2023ರಲ್ಲಿ ಎಸ್‌ಎನ್‌ಪಿ ನಾಯಕತ್ವಕ್ಕೆ ಸ್ಪರ್ಧಿಸಿದ ಸ್ಕಾಟ್ಲೆಂಡಿನ ಕೇಟ್ ಫೋರ್ಬ್ಸ್‌ಗೂ ಇದೇ ಪಾಡು. ಅವರನ್ನು ಸೋಲಿಸಿ ಪಕ್ಷದ ನಾಯಕರಾದ ಹಮ್ಜಾ ಯೂಸುಫ್ ಆಚರಿಸುವ ಮುಸ್ಲಿಮರು.

ಈಗ ಬಲಪಂಥದ ಕಡೆಯಿಂದ ಇನ್ನೊಂದು ದನಿ ಎದ್ದಿದೆ. 2025ರ ಸೆಪ್ಟೆಂಬರ್ 13ರಂದು ಟಾಮಿ ರಾಬಿನ್ಸನ್ ಕರೆದ ಲಂಡನ್ ಮೆರವಣಿಗೆಗೆ ಲಕ್ಷಕ್ಕೂ ಹೆಚ್ಚು ಜನ ಸೇರಿದರು. ವಲಸೆ ವಿರೋಧ ಅದರ ಮುಖ್ಯ ವಿಷಯ. ಆದರೆ ಅಲ್ಲಿ ಮರದ ಶಿಲುಬೆಗಳಿದ್ದವು, ಪ್ರಾರ್ಥನೆಗಳಿದ್ದವು, ‘ಕ್ರಿಸ್ತನೇ ರಾಜ’ ಎಂಬ ಘೋಷಣೆ ಇತ್ತು. ಚರ್ಚುಗಳ ಮುಖಂಡರು ಶಿಲುಬೆಯನ್ನು ಹೀಗೆ ಬಳಸುವುದು ತಪ್ಪು ಎಂದು ಹೇಳಿಕೆ ಕೊಟ್ಟರು. ಮೆರವಣಿಗೆಯವರ ಕಣ್ಣಲ್ಲಿ ಈ ಬಿಷಪ್‌ಗಳೇ ಧರ್ಮ ಕೆಡಿಸಿದವರು. ದೇಶ ಕ್ರೈಸ್ತವಾಗಿಯೇ ಉಳಿಯಬೇಕು ಎನ್ನುವ ಇವರಲ್ಲಿ ಎಷ್ಟೋ ಜನರಿಗೆ ಕ್ರೈಸ್ತ ಅಂದರೆ ಮುಸ್ಲಿಮ್ ಅಲ್ಲದ್ದು ಎಂದಷ್ಟೇ ಅರ್ಥ.

ಇನ್ನು ಭಾನುವಾರ ಬೆಳಗ್ಗೆ ಲಂಡನ್‌ನ ಬೆಂಚುಗಳಲ್ಲಿ ಕೂತವರನ್ನು ನೋಡಿ. ನೈಜೀರಿಯಾ, ಘಾನಾದವರು. ಬ್ರೆಜಿಲ್‌ನವರು. ಕ್ಯಾಥೊಲಿಕ್ ಚರ್ಚಾದರೆ ಪೋಲೆಂಡ್, ಫಿಲಿಪ್ಪೀನ್ಸ್, ಕೇರಳ, ಗೋವಾ ಕಡೆಯವರು, ಮಧ್ಯೆ ನಮ್ಮ ಮಂಗಳೂರಿನ ಕೊಂಕಣಿ ಕುಟುಂಬಗಳೂ ಸಿಗಬಹುದು. 1948ರ ನಂತರ ಕೆರಿಬಿಯನ್‌ನಿಂದ ಹಡಗಿನಲ್ಲಿ ಬಂದ ಆಂಗ್ಲಿಕನ್ನರು ತಮ್ಮದೇ ಚರ್ಚೆಂದು ಒಳಗೆ ಹೋದಾಗ ಎಷ್ಟೋ ಕಡೆ ಮುಖ ತಿರುಗಿಸಿದರು. ‘ನಾಳೆಯಿಂದ ಬರಬೇಡಿ’ ಎಂದದ್ದೂ ಉಂಟು. ಅವರು ತಮ್ಮದೇ ಪೆಂಟೆಕೋಸ್ಟಲ್ ಸಭೆಗಳನ್ನು ಕಟ್ಟಿಕೊಂಡರು. ಅವು ಬೆಳೆದವು. ಮುಖ ತಿರುಗಿಸಿದವರ ಚರ್ಚು ಖಾಲಿಯಾಯಿತು. ಈ ವರ್ಣಭೇದಕ್ಕೆ ಚರ್ಚ್ ಆಫ್ ಇಂಗ್ಲೆಂಡಿನ ಆಡಳಿತ ಸಭೆಯಾದ ಸಿನೊಡ್ ಅಧಿಕೃತವಾಗಿ ಕ್ಷಮೆ ಕೇಳಿದ್ದು 2020ರಲ್ಲಿ.

ಕಟ್ಟಡಗಳ ಕಥೆಯಲ್ಲೂ ಇದು ಕಾಣುತ್ತದೆ. ಲಂಡನ್‌ನ ಬ್ರಿಕ್ ಲೇನ್ ಮಸೀದಿಯನ್ನು 1743ರಲ್ಲಿ ಫ್ರಾನ್ಸ್‌ನಿಂದ ಓಡಿಬಂದ ಪ್ರೊಟೆಸ್ಟಂಟರು ಚರ್ಚಾಗಿ ಕಟ್ಟಿದ್ದರು. ನಂತರ ಮೆಥಡಿಸ್ಟರದ್ದಾಯಿತು, ಯಹೂದಿಗಳ ಸಿನಗಾಗ್ ಆಯಿತು, 1976ರಲ್ಲಿ ಬಾಂಗ್ಲಾದೇಶಿಗಳ ಮಸೀದಿಯಾಯಿತು. ಲೆಸ್ಟರ್‌ನ ಜೈನ ಮಂದಿರ ಹಳೆಯ ಚರ್ಚಿನಲ್ಲಿದೆ. ಬ್ರಿಸ್ಟಲ್‌ನ ಸೇಂಟ್ ವರ್ಬರ್ಗ್ ಚರ್ಚಿನ ಒಳಗೋಡೆಗಳನ್ನು ಈಗ ಹುಡುಗರು ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ. ಆದರೆ ಪ್ರೆಸ್ಟನ್ ಊರಿನ ಸೇಂಟ್ ಇಗ್ನೇಷಿಯಸ್ ಚರ್ಚಿಗೆ ಬೇರೆಯೇ ಯೋಗ. ಜನರಿಲ್ಲದೆ 2014ರಲ್ಲಿ ಮುಚ್ಚಿತು. ಮರುವರ್ಷ ಅದನ್ನು ಕೇರಳದ ಸಿರೊ ಮಲಬಾರ್ ಕ್ಯಾಥೊಲಿಕರಿಗೆ ಕೊಟ್ಟರು. 2016ರಲ್ಲಿ ಅದೇ ಅವರ ಇಡೀ ಬ್ರಿಟನ್‌ನ ಧರ್ಮಪ್ರಾಂತ್ಯದ ಕೆಥೆಡ್ರಲ್ ಆಯಿತು, ಸಂತ ಅಲ್ಫೋನ್ಸಾ ಹೆಸರಿನಲ್ಲಿ. ಕೋಟ್ಟಯಂ ಕಡೆಯ ಸನ್ಯಾಸಿನಿಯ ಹೆಸರು ಲ್ಯಾಂಕಶೈರ್‌ನ ಗೋಪುರದ ಕೆಳಗೆ. ಆ ಚರ್ಚಿನವರಲ್ಲಿ ಬಹಳಷ್ಟು ಜನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗಳ ನರ್ಸ್‌ಗಳು.

ಹಾಗಾಗಿ ‘ಕ್ರೈಸ್ತ ಬ್ರಿಟನ್ ಉಳಿಸಿ’ ಎಂಬ ಕೂಗಿಗೂ ‘ವಲಸೆ ನಿಲ್ಲಿಸಿ’ ಎಂಬ ಕೂಗಿಗೂ ನೇರ ಘರ್ಷಣೆ ಇದೆ. ಎರಡನ್ನೂ ಒಂದೇ ಬಾಯಲ್ಲಿ ಕೂಗುವವರು ಇದನ್ನು ಒಪ್ಪುವುದಿಲ್ಲ. 2025ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರ ವಿದೇಶಗಳಿಂದ ಆರೈಕೆ ಕೆಲಸಗಾರರನ್ನು ಕರೆಸಿಕೊಳ್ಳುವ ವೀಸಾ ನಿಲ್ಲಿಸಿತು. ಕಾಯಂ ನೆಲೆಸಲು ಬೇಕಾದ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನೂ ಮುಂದಿಟ್ಟಿತು. ಹೊಸದಾಗಿ ಬರುವ ಮಲಯಾಳಿ ನರ್ಸ್, ನೈಜೀರಿಯಾದ ಆರೈಕೆ ಕೆಲಸಗಾರ್ತಿ, ಅವರ ಮಕ್ಕಳು ಇಲ್ಲದಿದ್ದರೆ ಎಷ್ಟೋ ನಗರಗಳ ಚರ್ಚುಗಳಲ್ಲಿ ಸಂಡೇ ಸ್ಕೂಲೇ ಇರುವುದಿಲ್ಲ. ಫುಡ್ ಬ್ಯಾಂಕ್‌ನಲ್ಲಿ ನಿಂತ ಎಪ್ಪತ್ತೈದರ ಹೆಂಗಸಿನ ಜಾಗಕ್ಕೆ ಹತ್ತು ವರ್ಷದ ನಂತರ ಬರಬೇಕಾದವರು ಆ ಮಕ್ಕಳು. ಅವರು ಎಷ್ಟು ಜನ ಇರಬೇಕು ಎಂಬುದು ಸದ್ಯ ಲ್ಯಾಂಬೆತ್ ಅರಮನೆಯ ಕೈಯಲ್ಲಿಲ್ಲ, ಗೃಹ ಇಲಾಖೆಯ ಕೈಯಲ್ಲಿದೆ.